ಬಾಯಿಂದ ಬಾಯಿಗೆ: ಸರ್ವಾಧಿಕಾರ ವಿರೋಧಿ ಕಾದಂಬರಿಗಳಲ್ಲಿ ಮೌಖಿಕ ಸ್ಮೃತಿ

ಇಪ್ಪತ್ತನೆಯ ಶತಮಾನದ ಸರ್ವಾಧಿಕಾರಿ ಪ್ರಭುತ್ವಗಳು ಸೈನ್ಯವನ್ನು ನಂಬಿದಷ್ಟೇ ಕಾಗದವನ್ನೂ ನಂಬಿದ್ದವು. ಕಡತ, ಗುರುತಿನ ಚೀಟಿ, ತಿದ್ದಿದ ಛಾಯಾಚಿತ್ರ, ಹೊಸದಾಗಿ ಬರೆಸಿದ ಶಾಲಾ ಪಠ್ಯ ಇವೆಲ್ಲ ಆಳ್ವಿಕೆಯ ದಿನನಿತ್ಯದ ಉಪಕರಣಗಳಾದವು. ಇಂತಹ ಆಳ್ವಿಕೆಯನ್ನು ಎದುರಿಸಲು ಹುಟ್ಟಿದ ಕಥನ ಪ್ರಕಾರಗಳಲ್ಲಿ ಎರಡು ಮುಖ್ಯವಾದುವು. ಆದರ್ಶಲೋಕದ ಕಲ್ಪನೆಯನ್ನು ತಲೆಕೆಳಗು ಮಾಡಿ ತೋರಿಸುವ 'ಡಿಸ್ಟೋಪಿಯಾ' ಅಥವಾ ದುಃಸ್ವಪ್ನಲೋಕದ ಕಾದಂಬರಿ ಒಂದು. ನಡೆದ ಚರಿತ್ರೆ ಬೇರೊಂದು ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವ 'ಪರ್ಯಾಯ ಇತಿಹಾಸ'ದ ಕಾದಂಬರಿ ಇನ್ನೊಂದು. ಈ ಕೃತಿಗಳನ್ನು ರಾಜಕೀಯ ಚಿಂತನೆಯ ದೃಷ್ಟಿಯಿಂದಲೂ ವಿಜ್ಞಾನ ಕಥೆಗಳ ಚೌಕಟ್ಟಿನಲ್ಲಿಯೂ ವಿಪುಲವಾಗಿ ಚರ್ಚಿಸಲಾಗಿದೆ. ಆದರೆ ಅವುಗಳಲ್ಲಿ ಪ್ರತಿರೋಧವು ಎಲ್ಲಿ ಅಡಗಿ ಕುಳಿತಿರುತ್ತದೆ ಎಂಬ ಪ್ರಶ್ನೆಯನ್ನು ಜಾನಪದದ ಕಡೆಯಿಂದ ಕೇಳಿದವರು ವಿರಳ. ಬರೆಹವೆಲ್ಲ ಪ್ರಭುತ್ವದ ವಶವಾದ ಮೇಲೆ ಉಳಿಯುವುದು ನಾಲಗೆಯ ಮೇಲಿನದು: ಶಿಶುಪ್ರಾಸ, ಹಾಡು, ಕೇಳಿ ಹೇಳಿದ ಕಥೆ, ನೆನಪಿನಿಂದ ಮತ್ತೆ ಕಟ್ಟಿದ ಪಠ್ಯ. ಈ ಕಾದಂಬರಿಕಾರರು ಮತ್ತೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ಅವರಲ್ಲಿ ಉತ್ತಮರಾದವರು ಅಲ್ಲಿಯೂ ನಿಶ್ಚಿಂತರಾಗಿ ಕೂರುವುದಿಲ್ಲ ಎಂಬುದು ಇನ್ನೂ ಮುಖ್ಯವಾದ ಸಂಗತಿ.

ಈ ಪರಂಪರೆಯ ಮೊದಲ ಮಹತ್ವದ ಕೃತಿ ಯೆವ್ಗೆನಿ ಜಮ್ಯಾತಿನ್‌ನ 'ನಾವು'. ನೌಕಾ ಎಂಜಿನಿಯರನಾಗಿದ್ದ ಈತ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದುಕೊಂಡು ರಷ್ಯಾಕ್ಕಾಗಿ ಹಿಮಭೇದಕ ಹಡಗುಗಳ ನಿರ್ಮಾಣವನ್ನು ನೋಡಿಕೊಂಡವನು. 1920-21ರಲ್ಲಿ ಬರೆದ ಈ ಕಾದಂಬರಿಗೆ ತನ್ನ ನಾಡಿನಲ್ಲಿ ಅಚ್ಚಾಗುವ ಅವಕಾಶ ಸಿಗಲಿಲ್ಲ. 1924ರಲ್ಲಿ ನ್ಯೂಯಾರ್ಕಿನಿಂದ ಇಂಗ್ಲಿಷ್ ಅನುವಾದ ಬಂದಿತು. ಪೂರ್ಣ ರಷ್ಯನ್ ಪಾಠ 1952ರಲ್ಲಿ ಅದೇ ನಗರದಲ್ಲಿ ಪ್ರಕಟವಾಯಿತು. ಸೋವಿಯತ್ ಒಕ್ಕೂಟದೊಳಗೆ ಅದು ಅಚ್ಚಿನ ಮುಖ ಕಂಡಿದ್ದು 1988ರಲ್ಲಿ. ಅಷ್ಟು ದೀರ್ಘಕಾಲ ತವರಿನಲ್ಲಿ ಈ ಕೃತಿ ಬದುಕಿದ್ದು ಹಸ್ತಪ್ರತಿಯಾಗಿ ಮತ್ತು ಸಾಹಿತ್ಯಕೂಟಗಳ ವಾಚನದ ನೆನಪಾಗಿ. ಬರೆಹದ ಕೃತಿಯೊಂದು ಮೌಖಿಕ ಕೃತಿಯ ಹಣೆಬರಹವನ್ನು ಹೊತ್ತುಕೊಂಡ ಉದಾಹರಣೆ ಇದು.

'ನಾವು' ಕಾದಂಬರಿಯ ಏಕರಾಜ್ಯದಲ್ಲಿ ಜನರಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಗಾಜಿನ ಮನೆಗಳಲ್ಲಿ ವಾಸ. ಸಂಗೀತ ಕಾರ್ಖಾನೆಯ ರಾಗಕ್ಕೆ ನಾಲ್ವರು ನಾಲ್ವರಾಗಿ ಸಾಲು ಕಟ್ಟಿ ನಡೆಯುವುದು ವಿಹಾರ. ಕವಿಗಳು ಪ್ರಭುತ್ವದ ಸಂಸ್ಥೆಯೊಂದರ ನೌಕರರು. ಇಲ್ಲಿ ಹಳೆಯ ಕಾಲ ಉಳಿದಿರುವುದು ಒಂದೇ ಕಡೆ, ವಸ್ತುಸಂಗ್ರಹಾಲಯವಾಗಿ ಕಾಪಾಡಿದ 'ಪುರಾತನ ಗೃಹ'ದಲ್ಲಿ. ಅದರ ಬಾಗಿಲು ಕಾಯುವವಳು ಸುಕ್ಕುಗಟ್ಟಿದ ಮುಖದ ಒಬ್ಬ ಮುದುಕಿ. ಹಸಿರು ಗೋಡೆಯಾಚೆ ಬದುಕುವ ಕಾಡುಜನರತ್ತ ಹೋಗುವ ಗುಪ್ತಮಾರ್ಗವೂ ಆ ಮನೆಯೊಳಗಿನಿಂದಲೇ. ಅಜ್ಜಿ ಕಾಯುವ ಬಾಗಿಲು ಕಾಡಿಗೆ ತೆರೆದುಕೊಳ್ಳುವ ಈ ವಿನ್ಯಾಸ ಜನಪದ ಕಥೆಗಳ ಓದುಗನಿಗೆ ಹೊಸದಲ್ಲ. ಜಮ್ಯಾತಿನ್ ಅದನ್ನು ಅರಿಯದೆ ಬಳಸಿರಲಾರ. 1925ರಲ್ಲಿ ಮಾಸ್ಕೋದಲ್ಲಿ ರಂಗವೇರಿದ ಅವನ 'ಚಿಗಟ' ನಾಟಕವು ಲೆಸ್ಕೋವ್‌ನ ಕಥೆಯೊಂದನ್ನು ರಷ್ಯಾದ ಜಾತ್ರೆಯ ಬಯಲಾಟದ ಧಾಟಿಯಲ್ಲಿ ಕಟ್ಟಿದ್ದಾಗಿತ್ತು. ಕಾದಂಬರಿಯ ಕೊನೆಯಲ್ಲಿ ನಾಯಕನ ಕಲ್ಪನಾಶಕ್ತಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಲಾಗುತ್ತದೆ. ಬಂಡಾಯಗಾರ್ತಿ ಐ-330 ಚಿತ್ರಹಿಂಸೆಯ ನಡುವೆಯೂ ಒಂದು ಮಾತನ್ನೂ ಆಡುವುದಿಲ್ಲ. ಕರ್ತೃ 1931ರಲ್ಲಿ ಸ್ಟಾಲಿನ್‌ಗೆ ನೇರವಾಗಿ ಪತ್ರ ಬರೆದು ನಾಡು ಬಿಡಲು ಅನುಮತಿ ಪಡೆದ. 1937ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ.

ಅವನು ಬಿಟ್ಟುಹೋದ ನಾಡಿನಲ್ಲಿ ಸ್ಮೃತಿಯ ಎರಡು ಬಗೆಗಳು ಏಕಕಾಲಕ್ಕೆ ಬೆಳೆಯುತ್ತಿದ್ದವು. ಮುಂದಿನ ಕಾದಂಬರಿಗಳನ್ನು ಅರಿಯಲು ಎರಡೂ ಅಗತ್ಯ. ಮಗ ಸೆರೆಯಲ್ಲಿದ್ದಾಗ ಅನ್ನಾ ಅಖ್ಮತೋವಾ 'ರೆಕ್ವಿಯಂ' ಕವನಗುಚ್ಛವನ್ನು ರಚಿಸುತ್ತಿದ್ದಳು. ಮನೆಯ ಗೋಡೆಗಳಿಗೂ ಕಿವಿಯಿದ್ದ ಕಾಲ. ಆಕೆ ತುಂಡು ಕಾಗದದ ಮೇಲೆ ಸಾಲುಗಳನ್ನು ಬರೆದು ಗೆಳತಿ ಲಿದಿಯಾ ಚುಕೋವ್‌ಸ್ಕಯಾಳ ಕೈಗೆ ಕೊಡುವುದು, ಈಕೆ ಮೌನವಾಗಿ ಓದಿ ಬಾಯಿಪಾಠ ಮಾಡಿಕೊಳ್ಳುವುದು, ಕೂಡಲೇ ಆ ಕಾಗದವನ್ನು ಬೂದಿಬಟ್ಟಲಿನ ಮೇಲೆ ಸುಡುವುದು, ಇದು ಅವರ ಪದ್ಧತಿಯಾಗಿತ್ತು. ಹೀಗೆ ಕೆಲವೇ ಆಪ್ತರ ನೆನಪಿನಲ್ಲಿ ಬದುಕಿದ ಕೃತಿ 1963ರಲ್ಲಿ ಮ್ಯೂನಿಕ್‌ನಲ್ಲಿಯೂ 1987ರಲ್ಲಿ ಸ್ವದೇಶದಲ್ಲಿಯೂ ಅಚ್ಚಾಯಿತು.

ಇನ್ನೊಂದು ಬಗೆಯ ಸ್ಮೃತಿ ಜಾನಪದ ವಿದ್ವಾಂಸರಿಗೆ ಮುಜುಗರ ತರುವಂಥದು. ಬಿಳಿ ಸಮುದ್ರ ತೀರದ ಗಾಯಕಿ ಮಾರ್ಫಾ ಕ್ರ್ಯುಕೋವಾ ರಷ್ಯಾದ ಪ್ರಾಚೀನ ವೀರಗೀತೆಗಳಾದ 'ಬಿಲಿನಾ'ಗಳ ಮನೆತನದಲ್ಲಿ ಹುಟ್ಟಿ ಬೆಳೆದವಳು. 1937ರಲ್ಲಿ ಅದೇ ಮಟ್ಟಿನಲ್ಲಿ ಲೆನಿನ್‌ನನ್ನು ಕುರಿತ ಅವಳ ಹಾಡು ಪ್ರಕಟವಾಯಿತು. ಸ್ಟಾಲಿನ್‌ನನ್ನು ಕುರಿತವುಗಳೂ ಬಂದವು. ಇಂತಹ ಹೊಸ ವೀರಗೀತೆಗಳಿಗೆ 'ನೋವಿನಾ' ಎಂಬ ಹೆಸರಾಯಿತು. ಅವುಗಳ ರಚನೆಯಲ್ಲಿ ಗಾಯಕರ ಪಕ್ಕದಲ್ಲಿ ಕುಳಿತು ಇತಿಹಾಸವನ್ನು ಓದಿ ಹೇಳಿ, ಸಾಲುಗಳನ್ನು ತಿದ್ದಿಕೊಟ್ಟವರು ಲೇಖಕರು ಮತ್ತು ಜಾನಪದ ಸಂಗ್ರಾಹಕರು. ಸ್ಟಾಲಿನ್ 1953ರಲ್ಲಿ ತೀರಿಕೊಂಡ ಬಳಿಕ ಸೋವಿಯತ್ ವಿದ್ವಾಂಸರೇ ಇವನ್ನು ಕೃತಕವೆಂದು ತಳ್ಳಿಹಾಕಿದರು. ಜರ್ಮನಿಯ ಸ್ಥಿತಿಯೂ ಬೇರೆಯಾಗಿರಲಿಲ್ಲ; 1935ರಲ್ಲಿ ಹಿಮ್ಲರ್‌ನ ಆಶ್ರಯದಲ್ಲಿ ಹುಟ್ಟಿದ 'ಆನೆನೆರ್ಬೆ' ಸಂಸ್ಥೆ ಹಾಡು, ಆಚರಣೆ, ಸಂಕೇತಗಳನ್ನು ಜನಾಂಗ ಸಿದ್ಧಾಂತಕ್ಕೆ ಪುರಾವೆಯಾಗಿ ಕಲೆಹಾಕಿತು. ಅಮೆರಿಕದ ರಿಚರ್ಡ್ ಡಾರ್ಸನ್ 1950ರಲ್ಲಿ 'ಫೇಕ್‌ಲೋರ್' ಎಂಬ ಪದವನ್ನು ಟಂಕಿಸಿದ್ದು ವಾಣಿಜ್ಯದ ನಕಲಿ ಜಾನಪದವನ್ನು ಕುರಿತಾದರೂ ಅದರ ನೆರಳು ಈ ಪ್ರಭುತ್ವಗಳ ಮೇಲೂ ಬೀಳುತ್ತದೆ. ಸರ್ವಾಧಿಕಾರವು ಜನರ ಹಾಡನ್ನು ನಿಷೇಧಿಸುತ್ತದೆ ಎಂಬ ಸರಳ ಗ್ರಹಿಕೆ ಅರ್ಧ ಸತ್ಯ ಮಾತ್ರ; ಅದು ಹಾಡನ್ನು ಹಾಡಿಸುತ್ತದೆ ಕೂಡ.

ಕ್ರ್ಯುಕೋವಾಳ ಲೆನಿನ್ ಗೀತೆ ಬಂದ 1937ರಲ್ಲಿಯೇ ಲಂಡನ್ನಿನಲ್ಲಿ 'ಸ್ವಸ್ತಿಕ ನೈಟ್' ಎಂಬ ಕಾದಂಬರಿ ಮರ್ರೆ ಕಾನ್‌ಸ್ಟಂಟೈನ್ ಎಂಬ ಗಂಡು ಹೆಸರಿನಲ್ಲಿ ಪ್ರಕಟವಾಯಿತು. ಅದರ ನಿಜವಾದ ಕರ್ತೃ ಕ್ಯಾಥರಿನ್ ಬರ್ಡೆಕಿನ್ ಎಂಬ ಮಹಿಳೆ. ವಿದ್ವಾಂಸೆ ಡಾಫ್ನೆ ಪಟಾಯ್ ಅವರ ಶೋಧದಿಂದ ಈ ಸಂಗತಿ ಬೆಳಕಿಗೆ ಬಂದು, 1985ರಲ್ಲಿ ಕೃತಿ ಮರುಮುದ್ರಣಗೊಂಡಿತು. ಯುದ್ಧ ಆರಂಭವಾಗುವ ಮೊದಲೇ, ನಾಜಿಗಳೂ ಜಪಾನೀಯರೂ ಜಗತ್ತನ್ನು ಹಂಚಿಕೊಂಡ ಏಳುನೂರು ವರ್ಷಗಳ ನಂತರದ ಸ್ಥಿತಿಯನ್ನು ಅದು ಚಿತ್ರಿಸುತ್ತದೆ. ಆ ಲೋಕದಲ್ಲಿ ಹಿಟ್ಲರ್ ಹೊಂಬಣ್ಣದ ಗಡ್ಡದ, ಏಳಡಿ ಎತ್ತರದ, ಹೆಣ್ಣಿನ ಗರ್ಭದಿಂದ ಹುಟ್ಟದ ದೇವರು. ಪುರಾಣವೊಂದು ಹೇಗೆ ಬೆಳೆಯುತ್ತದೆ ಎಂಬುದನ್ನು ಬರ್ಡೆಕಿನ್ ಬಲು ನಿಖರವಾಗಿ ಬಲ್ಲವಳು. ಹಳೆಯ ಗ್ರಂಥಗಳನ್ನೆಲ್ಲ ಸುಡಲು ತೀರ್ಮಾನವಾದಾಗ ಫಾನ್ ಹೆಸ್ ಎಂಬ ಸರದಾರ ತನಗೆ ನೆನಪಿದ್ದಷ್ಟು ಲೋಕಚರಿತ್ರೆಯನ್ನು ಗುಟ್ಟಾಗಿ ಬರೆದಿಡುತ್ತಾನೆ. ಆ ಹೊತ್ತಗೆ ತಂದೆಯಿಂದ ಮಗನಿಗೆ ಇಳಿದುಬರುತ್ತದೆ. ಕೊನೆಯ ವಾರಸುದಾರನಿಗೆ ಗಂಡುಮಕ್ಕಳು ಉಳಿಯದಿದ್ದಾಗ ಅದು ಆಲ್ಫ್ರೆಡ್ ಎಂಬ ಇಂಗ್ಲಿಷ್ ಯಂತ್ರಕುಶಲಿಯ ಕೈ ಸೇರುತ್ತದೆ. ಜೊತೆಯಲ್ಲಿ ಒಂದು ಛಾಯಾಚಿತ್ರ: ಅದರಲ್ಲಿ ಹಿಟ್ಲರ್ ಕುಳ್ಳಗೆ ಕಪ್ಪು ಕೂದಲಿನವನು, ಪಕ್ಕದಲ್ಲಿ ಉದ್ದ ಜಡೆಯ ಚೆಲುವಾದ ಹುಡುಗಿ. ಆಲ್ಫ್ರೆಡ್ ಬೆರಗಾಗುವುದು ದೇವರ ಕುಳ್ಳುತನಕ್ಕಷ್ಟೇ ಅಲ್ಲ, ಹೆಣ್ಣು ಹೀಗೂ ತಲೆಯೆತ್ತಿ ನಿಲ್ಲಬಲ್ಲಳು ಎಂಬುದಕ್ಕೆ. ಏಕೆಂದರೆ ಅವನ ಲೋಕದಲ್ಲಿ ಹೆಂಗಸರು ತಲೆ ಬೋಳಿಸಿದ, ಬೇಲಿಯೊಳಗೆ ಕೂಡಿಟ್ಟ ಜೀವಗಳು. ಅವರಿಗೆ ಹಾಡಿಲ್ಲ, ಕಥೆಯಿಲ್ಲ. ಬೀಸುವ ಕುಟ್ಟುವ ಹಾಡುಗಳಿಂದ ಹಿಡಿದು ಜೋಗುಳದವರೆಗೆ ಮೌಖಿಕ ಪರಂಪರೆಯ ಬಹುಪಾಲನ್ನು ಹೊತ್ತವರು ಹೆಣ್ಣುಮಕ್ಕಳು ಎಂಬುದನ್ನು ಬಲ್ಲವರಿಗೆ ಈ ಚಿತ್ರ ಕಾದಂಬರಿಯ ಉಳಿದೆಲ್ಲ ಕ್ರೌರ್ಯಕ್ಕಿಂತ ಘೋರವಾಗಿ ಕಾಣುತ್ತದೆ. ಗ್ರಂಥ ಉಳಿಯಿತು, ಆದರೆ ಅದು ಗಂಡಸರ ನಡುವೆ ಮಾತ್ರ ಕೈ ಬದಲಿಸಿತು.

ಜಾರ್ಜ್ ಆರ್ವೆಲ್‌ನ '1984' ಪ್ರಕಟವಾದುದು 1949ರ ಜೂನ್‌ನಲ್ಲಿ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿ, ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ಯುದ್ಧಕಾಲದಲ್ಲಿ ಬಿಬಿಸಿಯಿಂದ ಭಾರತೀಯರಿಗಾಗಿ ಪ್ರಸಾರವಾಗುತ್ತಿದ್ದ ಕಾರ್ಯಕ್ರಮಗಳನ್ನು ಸಿದ್ಧಪಡಿಸಿದ ಆರ್ವೆಲ್‌ಗೆ ಆಳುವವರ ಕಚೇರಿಯ ಒಳಗು ತಿಳಿದಿತ್ತು. ಜಮ್ಯಾತಿನ್‌ನ ಕಾದಂಬರಿಯನ್ನು ಅವನು 1946ರ ಜನವರಿಯಲ್ಲಿ 'ಟ್ರಿಬ್ಯೂನ್' ಪತ್ರಿಕೆಯಲ್ಲಿ ವಿಮರ್ಶಿಸಿದ್ದ. '1984'ರ ನಾಯಕ ವಿನ್‌ಸ್ಟನ್ ಸ್ಮಿತ್‌ನ ಕೆಲಸವೇ ಹಳೆಯ ಪತ್ರಿಕೆಗಳನ್ನು ತಿದ್ದುವುದು. ಬರೆದುದೆಲ್ಲ ಸುಳ್ಳೆಂದು ಬಲ್ಲ ಅವನು ಸಹಜವಾಗಿಯೇ ಬರೆಯದುದರ ಕಡೆಗೆ ತಿರುಗುತ್ತಾನೆ. ಕಾದಂಬರಿಯ ಮೂರು ಸನ್ನಿವೇಶಗಳನ್ನು ಈ ದೃಷ್ಟಿಯಿಂದ ವಿವರವಾಗಿ ನೋಡಬೇಕಾಗುತ್ತದೆ.

ಮೊದಲನೆಯದು ಹೆಂಡದಂಗಡಿಯ ಮುದುಕನದು. ಕ್ರಾಂತಿಯ ಮೊದಲು ಬದುಕು ಹೇಗಿತ್ತು ಎಂದು ತಿಳಿಯಲು ವಿನ್‌ಸ್ಟನ್ ಕಾರ್ಮಿಕರ ಕೇರಿಯ ವೃದ್ಧನೊಬ್ಬನಿಗೆ ಬಿಯರ್ ಕೊಡಿಸಿ ಪ್ರಶ್ನಿಸುತ್ತಾನೆ. ಆಗ ಇಂದಿಗಿಂತ ಹೆಚ್ಚು ಸ್ವಾತಂತ್ರ್ಯವಿತ್ತೇ, ಬಂಡವಾಳಗಾರರು ಜನರನ್ನು ಗುಲಾಮರಂತೆ ಕಾಣುತ್ತಿದ್ದರೇ, ಹೌದೋ ಅಲ್ಲವೋ? ಮುದುಕ ಎತ್ತರದ ಟೋಪಿಗಳ ವಿಷಯ ಹೇಳುತ್ತಾನೆ, ಬಾಡಿಗೆಗೆ ತಂದು ತಾನೂ ಒಮ್ಮೆ ತೊಟ್ಟದ್ದನ್ನು ಹೇಳುತ್ತಾನೆ, ಹುಟ್ಟುಹಾಕುವ ದೋಣಿ ಪಂದ್ಯದ ರಾತ್ರಿ ಕುಡಿದ ಸಿರಿವಂತ ಹುಡುಗನೊಬ್ಬ ತನ್ನನ್ನು ಬೀದಿಯಲ್ಲಿ ನೂಕಿದ್ದನ್ನು ಹೇಳುತ್ತಾನೆ. ಬಿಯರನ್ನು ಹಳೆಯ ಪೈಂಟ್ ಅಳತೆಯಲ್ಲಿ ಕೊಡದೆ ಲೀಟರ್ ಲೆಕ್ಕದಲ್ಲಿ ಕೊಡುವುದು ಅವನಿಗೆ ಸಹಿಸಲಾಗದ ಅನ್ಯಾಯ. ಇವೆಲ್ಲ ಕಸ, ಚಿಲ್ಲರೆ ವಿವರ ಎಂದು ವಿನ್‌ಸ್ಟನ್ ನಿರಾಶನಾಗುತ್ತಾನೆ. ವಿಮರ್ಶಕರಲ್ಲಿ ಅನೇಕರು ಈ ನಿರಾಶೆಯನ್ನು ಲೇಖಕನದೇ ಎಂದು ಓದಿದ್ದಾರೆ. ಕ್ಷೇತ್ರಕಾರ್ಯ ಮಾಡಿದ ಯಾರಿಗಾದರೂ ಇಲ್ಲಿ ಬೇರೆಯದೇ ಕಾಣಿಸಬೇಕು. ತಪ್ಪಿರುವುದು ವಕ್ತೃವಿನಲ್ಲಲ್ಲ, ಪ್ರಶ್ನಾವಳಿಯಲ್ಲಿ. ಮುದುಕ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೇ ಇದ್ದಾನೆ: ಟೋಪಿ ವರ್ಗಭೇದದ ಮಾತು, ನೂಕಿಸಿಕೊಂಡದ್ದು ಅಧಿಕಾರದ ಮಾತು, ಅಳತೆಯ ದೂರು ಹೊಸ ಪ್ರಭುತ್ವದ ವಿರುದ್ಧ ಆ ಕಾದಂಬರಿಯಲ್ಲಿ ಬಹಿರಂಗವಾಗಿ ಆಡಿದ ಅಪರೂಪದ ಟೀಕೆ. ಪಕ್ಷದ ಭಾಷೆಯಲ್ಲಿಯೇ ಪ್ರಶ್ನೆ ಕೇಳಿದ ವಿನ್‌ಸ್ಟನ್‌ಗೆ ಅದು ಕೇಳಿಸಲಿಲ್ಲ ಅಷ್ಟೆ.

ಎರಡನೆಯದು ಶಿಶುಪ್ರಾಸ. ಲಂಡನ್ನಿನ ಚರ್ಚುಗಳ ಗಂಟೆಗಳನ್ನು ಹೆಸರಿಸುವ ಹಳೆಯ ಮಕ್ಕಳಾಟದ ಪದವೊಂದರ ತುಣುಕನ್ನು ಹಳೆಯ ಸಾಮಾನಿನ ಅಂಗಡಿಯ ಚಾರಿಂಗ್‌ಟನ್ ವಿನ್‌ಸ್ಟನ್‌ಗೆ ಹೇಳಿಕೊಡುತ್ತಾನೆ. ಇನ್ನೊಂದು ಸಾಲು ಜೂಲಿಯಾಳಿಗೆ ಅಜ್ಜನಿಂದ ಬಂದಿದೆ; ಮತ್ತೊಂದನ್ನು ಓ'ಬ್ರಿಯನ್ ಪೂರ್ಣಗೊಳಿಸುತ್ತಾನೆ. ಪಾಠಾಂತರಗಳನ್ನು ಕೂಡಿಸಿ ಪಠ್ಯವನ್ನು ಪುನಾರಚಿಸುವ ಸಂಗ್ರಾಹಕನ ಸುಖವನ್ನೇ ವಿನ್‌ಸ್ಟನ್ ಅನುಭವಿಸುತ್ತಾನೆ. ಆದರೆ ಚಾರಿಂಗ್‌ಟನ್ ವಿಚಾರ ಪೊಲೀಸ್ ದಳದವನು, ಓ'ಬ್ರಿಯನ್ ಹಿಂಸಕ, ಪದ್ಯದಲ್ಲಿ ಬರುವ ಚರ್ಚಿನ ಚಿತ್ರದ ಹಿಂದೆಯೇ ಕಣ್ಗಾವಲಿನ ಯಂತ್ರ ಅಡಗಿದೆ. ಆಟದ ಪದ ಮಕ್ಕಳ ತಲೆ ಕಡಿಯುವ ಅಭಿನಯದಲ್ಲಿ ಮುಗಿಯುವುದು ಇಂಗ್ಲೆಂಡಿನ ಮಕ್ಕಳಿಗೆಲ್ಲ ತಿಳಿದ ಸಂಗತಿ. ಬಂಧನದ ಕ್ಷಣದಲ್ಲಿ ಆ ಸಾಲನ್ನು ಹೇಳುವುದು ಪೊಲೀಸನ ದನಿ. ಜಾನಪದವನ್ನು ಪ್ರೀತಿಸುವವನನ್ನು ಹಿಡಿಯಲು ಜಾನಪದವೇ ಗಾಳವಾಯಿತು. ಇಷ್ಟು ನಿರ್ದಯವಾದ ಒಳನೋಟ ಈ ಪ್ರಕಾರದ ಬೇರೆ ಕಾದಂಬರಿಗಳಲ್ಲಿ ದುರ್ಲಭ.

ಮೂರನೆಯದು ಅಂಗಳದಲ್ಲಿ ಬಟ್ಟೆ ಒಣಹಾಕುತ್ತ ಹಾಡುವ ದಪ್ಪ ಮೈಕಟ್ಟಿನ ಹೆಂಗಸು. ಅವಳ ಹಾಡು ಯಂತ್ರ ರಚಿಸಿದ್ದು, ಪ್ರಭುತ್ವದ ಇಲಾಖೆಯೊಂದು ಕಾರ್ಮಿಕರಿಗಾಗಿ ತಯಾರಿಸಿದ ಸರಕು. ಆದರೂ ಅವಳ ಕೊರಳಿನಲ್ಲಿ ಅದು ಹಾಡಾಗುತ್ತದೆ. ನೋವಿನಾಗಳ ಪ್ರಸಂಗಕ್ಕೆ ಇದು ನೇರ ತಿರುವುಮುರುವು: ಅಲ್ಲಿ ನಿಜವಾದ ಗಾಯಕಿಯ ಬಾಯಲ್ಲಿ ಆಳುವವರ ಕಥೆ ಹುಸಿಯಾಯಿತು, ಇಲ್ಲಿ ಹುಸಿ ಹಾಡು ನಿಜವಾದ ಕೊರಳಿನಿಂದ ಜೀವ ಪಡೆಯಿತು. ಜಾನಪದವು ಮೂಲದಲ್ಲಿಲ್ಲ, ಪ್ರದರ್ಶನದಲ್ಲಿದೆ ಎಂದು ವಿದ್ವಾಂಸರು 1970ರ ದಶಕದಲ್ಲಿ ಸಿದ್ಧಾಂತವಾಗಿ ಮಂಡಿಸಿದ್ದನ್ನು ಆರ್ವೆಲ್ ಒಂದು ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಕಂಡಿದ್ದ.

ರೇ ಬ್ರಾಡ್‌ಬರಿಯ 'ಫ್ಯಾರನ್‌ಹೀಟ್ 451' 1953ರಲ್ಲಿ ಬಂದಿತು. ಪುಸ್ತಕ ಸುಡುವ ರಾಜ್ಯದಲ್ಲಿ ಊರ ಹೊರಗೆ ಅಲೆಯುವ ಜನ ಒಬ್ಬೊಬ್ಬರೂ ಒಂದೊಂದು ಗ್ರಂಥವನ್ನು ಕಂಠಸ್ಥ ಮಾಡಿಕೊಂಡು, ತಾವೇ ಆ ಗ್ರಂಥವಾಗಿ ಬದುಕುತ್ತಾರೆ. ಈ ಕಲ್ಪನೆ ಲೋಕಪ್ರಿಯವಾಗಿದೆ. ಆದರೆ ಅದು ಮೌಖಿಕ ಪರಂಪರೆಯ ಚಿತ್ರವಲ್ಲ. ಪಾಠಭೇದಕ್ಕೆ ಎಡೆಗೊಡದ, ನಡೆದಾಡುವ ಗ್ರಂಥಾಲಯದ ಚಿತ್ರ. ಪದ, ಕ್ರಮ, ಘನ ಪಾಠಗಳಿಂದ ಅಕ್ಷರವೂ ಅಲುಗದಂತೆ ವೇದವನ್ನು ಕಾಪಾಡಿದ ಕ್ರಮಕ್ಕೆ ಅದು ಹತ್ತಿರ. ಪ್ರತಿ ಹಾಡಿಕೆಯಲ್ಲೂ ಹೊಸತಾಗುವ ಮಂಟೇಸ್ವಾಮಿ ಕಾವ್ಯದ ಕ್ರಮಕ್ಕೆ ದೂರ.

ಫಿಲಿಪ್ ಕೆ. ಡಿಕ್ 1962ರಲ್ಲಿ ಪ್ರಕಟಿಸಿದ 'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' ಪರ್ಯಾಯ ಇತಿಹಾಸದ ಅತ್ಯಂತ ಚರ್ಚಿತ ಕೃತಿ. 1963ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆಯಿತು. ಅದರಲ್ಲಿ ಚರಿತ್ರೆ ಕವಲೊಡೆಯುವುದು 1933ರಲ್ಲಿ: ವಾಸ್ತವದಲ್ಲಿ ಮಿಯಾಮಿಯ ಗುಂಡಿನಿಂದ ಪಾರಾದ ರೂಸ್‌ವೆಲ್ಟ್ ಇಲ್ಲಿ ಹತನಾಗುತ್ತಾನೆ, ಯುದ್ಧದಲ್ಲಿ ಸೋತ ಅಮೆರಿಕ ಜರ್ಮನಿ ಜಪಾನುಗಳ ಪಾಲಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಬರ್ಟ್ ಚಿಲ್ಡನ್ ಎಂಬಾತ ಹಳೆಯ ಬಂದೂಕು, ಮಕ್ಕಳ ಕಾಮಿಕ್ ಪುಸ್ತಕ ಮುಂತಾದ ಅಮೆರಿಕದ ಜನಪದ ವಸ್ತುಗಳನ್ನು ಜಪಾನೀ ಅಭಿರುಚಿವಂತರಿಗೆ ಮಾರುತ್ತಾನೆ. ಗೆದ್ದವರು ಸೋತವರ ದಿನಬಳಕೆಯ ಸಾಮಾನನ್ನು ಪ್ರದರ್ಶನದ ಕಪಾಟಿನಲ್ಲಿ ಇಡುವ ಈ ಸ್ಥಿತಿ ವಸಾಹತು ನಾಡುಗಳಿಗೆ ಹೊಸದಲ್ಲ. ಅಮೆರಿಕನ್ ಲೇಖಕನೊಬ್ಬ ತನ್ನ ಜನರನ್ನು ಆ ಸ್ಥಾನದಲ್ಲಿಟ್ಟು ನೋಡಿದ್ದು ಹೊಸದು. ಆ ವಸ್ತುಗಳಲ್ಲಿ ಎಷ್ಟೋ ಕಾರ್ಖಾನೆಯಲ್ಲಿ ತಯಾರಾದ ನಕಲಿಗಳು. ಎರಡು ಸಿಗರೇಟ್ ಲೈಟರುಗಳಲ್ಲಿ ಒಂದು ರೂಸ್‌ವೆಲ್ಟ್ ಸತ್ತಾಗ ಅವನ ಜೇಬಿನಲ್ಲಿತ್ತಂತೆ. ಯಾವುದೆಂದು ಕೈಯಲ್ಲಿ ಹಿಡಿದವರಿಗೆ ತಿಳಿಯದು. ಐತಿಹಾಸಿಕತೆ ವಸ್ತುವಿನೊಳಗಿಲ್ಲ, ಜೊತೆಗಿರುವ ಪ್ರಮಾಣಪತ್ರದಲ್ಲಿದೆ. ಇದೇ ಚಿಲ್ಡನ್ ಮುಂದೆ ಹೊಸ ಕುಶಲಕರ್ಮಿಗಳ ಒಡವೆಯೊಂದನ್ನು ತರುತ್ತಾನೆ. ಅದನ್ನು ಅದೃಷ್ಟದ ತಾಯಿತವಾಗಿ ಸಾವಿರಗಟ್ಟಲೆ ಎರಕಹೊಯ್ದು ಬಡ ದೇಶಗಳಿಗೆ ಮಾರಬಹುದೆಂಬ ಸಲಹೆ ಬಂದಾಗ, ಅಲ್ಲಿಯವರೆಗೆ ಗೆದ್ದವರ ಮುಂದೆ ಕುಗ್ಗಿಯೇ ಬದುಕಿದ ಅವನು ಅದನ್ನು ಅವಮಾನವೆಂದು ಗುರುತಿಸಿ ಕ್ಷಮೆ ಕೇಳಿಸಿಕೊಳ್ಳುತ್ತಾನೆ. ಕಾದಂಬರಿಯಲ್ಲಿ ಬಂದೂಕಿಲ್ಲದೆ ನಡೆಯುವ ಪ್ರತಿರೋಧ ಇದು. ಇನ್ನು ಕಥೆಯೊಳಗಿನ ನಿಷಿದ್ಧ ಕಾದಂಬರಿ, ಮಿತ್ರರಾಷ್ಟ್ರಗಳೇ ಗೆದ್ದ ಕಥೆ, ಓದುಗರಿಗೆ ದೊರೆಯುವುದು ಪೂರ್ಣ ಪಠ್ಯವಾಗಿ ಅಲ್ಲ. ಬಹುಪಾಲು ಓದಿದವರು ಓದದವರಿಗೆ ಹೇಳುವ ಮಾತಾಗಿ. ಆ ಕಥೆಯ ಜಗತ್ತು ವಾಸ್ತವದ ಜಗತ್ತಿಗೂ ಹೊಂದುವುದಿಲ್ಲ.

ಕೆನಡಾದ ಮಾರ್ಗರೆಟ್ ಅಟ್‌ವುಡ್ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಬರೆಯಲು ಕುಳಿತದ್ದು 1984ರಲ್ಲಿ, ಗೋಡೆಯಿಂದ ಸುತ್ತುವರಿದ ಪಶ್ಚಿಮ ಬರ್ಲಿನ್ನಿನಲ್ಲಿ. ಕೃತಿ ಪ್ರಕಟವಾದದ್ದು 1985ರಲ್ಲಿ. ಮನುಷ್ಯರು ಎಲ್ಲಿಯಾದರೂ ಎಂದಾದರೂ ಮಾಡದೇ ಇದ್ದ ಯಾವ ಕ್ರೌರ್ಯವನ್ನೂ ಅದರಲ್ಲಿ ಸೇರಿಸಿಲ್ಲವೆಂದು ಅವರು ಹೇಳಿದ್ದಾರೆ. '1984'ರ ಕೊನೆಯ ಅನುಬಂಧ ಭೂತಕಾಲದಲ್ಲಿರುವುದರಿಂದ ಆ ಪ್ರಭುತ್ವ ಅಳಿದಿದೆಯೆಂದೇ ಅರ್ಥ ಎಂದು 2003ರ ಲೇಖನವೊಂದರಲ್ಲಿ ವಾದಿಸಿದ ಅವರು, ತಮ್ಮ ಕಾದಂಬರಿಗೂ ಅಂಥದೇ ಒಂದು ಅನುಬಂಧವನ್ನು ಕೊಟ್ಟಿದ್ದರು. ಗಿಲಿಯಡ್ ಗಣರಾಜ್ಯದಲ್ಲಿ ಹೆಂಗಸರಿಗೆ ಓದುಬರೆಹ ನಿಷಿದ್ಧ. ಆದ್ದರಿಂದ ಆಫ್ರೆಡ್ ತನ್ನ ಕಥೆಯನ್ನು ಬರೆಯುವುದಿಲ್ಲ, ಹೇಳುತ್ತಾಳೆ. ಕೇಳುವವರು ಯಾರೆಂದು ತಿಳಿಯದೆ ಹೇಳುತ್ತಾಳೆ. ಒಂದೇ ಘಟನೆಯನ್ನು ಎರಡು ಮೂರು ಪಾಠಗಳಲ್ಲಿ ಹೇಳಿ, ಇದು ತಾನು ಕಟ್ಟಿದ್ದು ಎಂದೂ ಒಪ್ಪಿಕೊಳ್ಳುತ್ತಾಳೆ. ಬರ್ಡೆಕಿನ್‌ಳ ಬೇಲಿಯೊಳಗೆ ಮೂಕವಾಗಿದ್ದ ಹೆಣ್ಣು ನಲವತ್ತೆಂಟು ವರ್ಷಗಳ ಬಳಿಕ ಬಾಯಿ ತೆರೆದಂತಾಯಿತು.

ಅನುಬಂಧದ ಪ್ರಕಾರ ಆ ದನಿ ಸುಮಾರು ಮೂವತ್ತು ಕ್ಯಾಸೆಟ್ಟುಗಳಲ್ಲಿ ಸಿಕ್ಕಿದೆ. ಮರೆಮಾಚಲೆಂದು ಪ್ರತಿಯೊಂದರ ಆರಂಭದಲ್ಲಿ ಸಂಗೀತವಿದೆ. ಅವುಗಳ ಮೇಲಿನ ಚೀಟಿಗಳಲ್ಲಿ ಒಂದು ಲಿಥುವೇನಿಯಾದ ಜನಪದ ಗೀತೆಗಳೆಂದು ಹೇಳುತ್ತದೆ. ಅಟ್‌ವುಡ್‌ಗೆ ಇದು ಹಾಸ್ಯದ ವಿವರವಾಗಿದ್ದಿರಬಹುದು. ಮೂರೇ ವರ್ಷಗಳಲ್ಲಿ, 1988ರ ಬೇಸಗೆಯಲ್ಲಿ, ಅದೇ ಲಿಥುವೇನಿಯಾದ ಜನ ವಿಲ್ನಿಯಸ್‌ನ ವಿಂಗಿಸ್ ಉದ್ಯಾನದಲ್ಲಿ ಸೋವಿಯತ್ ಆಡಳಿತದ ಕಣ್ಣೆದುರು ಲಕ್ಷಾಂತರ ಸಂಖ್ಯೆಯಲ್ಲಿ ಸೇರಿದರು. ಬಾಲ್ಟಿಕ್ ನಾಡುಗಳ ಆ ಚಳವಳಿಗೆ 'ಹಾಡುವ ಕ್ರಾಂತಿ' ಎಂದೇ ಹೆಸರಾಯಿತು. 1990ರ ಮಾರ್ಚ್ 11ರಂದು ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿತು.

ಕ್ಯಾಸೆಟ್ಟುಗಳನ್ನು ಲಿಪ್ಯಂತರಿಸಿ, ಕ್ರಮ ನಿರ್ಧರಿಸಿದವರಲ್ಲಿ ಒಬ್ಬ ಪ್ರಾಧ್ಯಾಪಕ ಪಿಯೆಕ್ಸೊಟೊ. 2195ರ ಜೂನ್‌ನಲ್ಲಿ ನಡೆಯುವ ವಿಚಾರಸಂಕಿರಣದಲ್ಲಿ ಆತ ಮಾತನಾಡುತ್ತಾನೆ, ನಗೆಚಾಟಿಕೆ ಹಾರಿಸುತ್ತಾನೆ, ಗಿಲಿಯಡ್ಡನ್ನು ಖಂಡಿಸಲು ಆತುರಪಡಬಾರದೆನ್ನುತ್ತಾನೆ. ಅವನ ಆಸಕ್ತಿ ಆಫ್ರೆಡ್‌ಳ ಯಜಮಾನ ಯಾರಾಗಿದ್ದ ಎಂಬುದರಲ್ಲಿ. ಈ ಹೆಂಗಸಿನ ಮಾತಿನ ಬದಲು ಆ ಯಜಮಾನನ ಕಂಪ್ಯೂಟರಿನಿಂದ ತೆಗೆದ ಇಪ್ಪತ್ತು ಪುಟಗಳ ಕಾಗದವಾದರೂ ಸಿಕ್ಕಿದ್ದರೆ ಎಂದು ಹಲುಬುತ್ತಾನೆ. ಜಾನಪದದ ಅಧ್ಯಯನಕಾರರು ಈ ಭಾಗವನ್ನು ನಗುತ್ತ ಓದಿ ಮುಗಿಸುವಂತಿಲ್ಲ.

ಕನ್ನಡದ ಲಾವಣಿಗಳ ಚರಿತ್ರೆಯಲ್ಲಿ ಇದಕ್ಕೆ ಹತ್ತಿರದ ಪ್ರಸಂಗವೊಂದಿದೆ. 1857ರ ನಿಶ್ಶಸ್ತ್ರೀಕರಣ ಕಾಯಿದೆಗೆ ಮಣಿಯದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರ ಮೇಲೆ ಬ್ರಿಟಿಷ್ ದಂಡು ಬಿದ್ದು ಊರನ್ನು ಸುಟ್ಟಿತು. ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಆ ದಂಗೆಯ ಲಾವಣಿಯನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯ ಪುಟಗಳಲ್ಲಿ ಅನುವಾದದೊಡನೆ ಅಚ್ಚುಹಾಕಿಸಿದವನು ಜೆ.ಎಫ್. ಫ್ಲೀಟ್, ಶಾಸನತಜ್ಞ, ಮುಂಬಯಿ ಪ್ರಾಂತದ ಬ್ರಿಟಿಷ್ ಅಧಿಕಾರಿ. ದಂಗೆಯನ್ನು ಅಡಗಿಸಿದ ಆಡಳಿತದ ನೌಕರನೇ ದಂಗೆಯ ಹಾಡಿಗೆ ಸಂಪಾದಕನಾದ. ಅವನ ಕೆಲಸಕ್ಕೆ ಕನ್ನಡ ಜಾನಪದ ಋಣಿಯಾಗಿದೆ. ಹಾಗೆಂದು ಹಾಡಿದವರು ಯಾರ ಮುಂದೆ ಹಾಡುತ್ತಿದ್ದೇವೆಂದು ಬಲ್ಲವರಾಗಿದ್ದರೆಂಬುದನ್ನು ಮರೆಯುವಂತಿಲ್ಲ. ಬಂಡುಕೋರರ ಶೌರ್ಯದ ಜೊತೆಯಲ್ಲಿ ಆ ಲಾವಣಿ ದಂಡಿನವರು ದೋಚಿದ್ದನ್ನು ಒಂದೊಂದಾಗಿ ಎಣಿಸುತ್ತದೆ: ಬೇಸಾಯದ ಹತ್ಯಾರ, ಹಾಲು ಮೊಸರು, ಉಪ್ಪು, ಬೆಲ್ಲ, ಮಂಗಳಸೂತ್ರ, ಕಡೆಗೆ ಬೀಸುಕಲ್ಲು ಸಹ. ಪಿಯೆಕ್ಸೊಟೊ ಬಯಸಿದ ಬಗೆಯ ಕಾಗದದಲ್ಲಿ ಬೀಸುಕಲ್ಲು ನಮೂದಾಗುವುದು ಕಷ್ಟ. ಅದೇ ಲಾವಣಿಯ ಪಾಠವೊಂದು ಮುಂದೆ ಕರ್ನಾಟಕದ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಸೇರಿ, ಮಕ್ಕಳು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದಾರೆ.